ಸೋಲಬಲ್ಲವರ ಚರ್ಚೆ

ಭಾರತದ ಕಾಲೇಜು ಬಾನುಲಿಗಳಲ್ಲಿ ವಿದ್ಯಾರ್ಥಿಗಳು ಪ್ರಚಲಿತ ರಾಜಕೀಯವನ್ನು ಚರ್ಚಿಸುವಂತಿಲ್ಲ. 2002ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಮೊದಲು ಪ್ರಸಾರ ಆರಂಭಿಸಿತು. ಮಂಗಳೂರಿನ ಸೇಂಟ್ ಅಲೋಶಿಯಸ್ ವಿದ್ಯಾಸಂಸ್ಥೆಯಿಂದ ಕನ್ನಡ, ತುಳು, ಕೊಂಕಣಿಗಳಲ್ಲಿ ಮಾತಾಡುವ ರೇಡಿಯೊ ಸಾರಂಗ್ ಕೂಡ ಇದೇ ಬಗೆಯದು. ಆದರೆ 2006ರ ಮಾರ್ಗಸೂಚಿಯಲ್ಲಿ ಸುದ್ದಿ, ಪ್ರಚಲಿತ ವಿದ್ಯಮಾನ ಮತ್ತು ರಾಜಕೀಯ ಸ್ವರೂಪದ ಕಾರ್ಯಕ್ರಮಗಳಿಗೆ ನಿಷೇಧವಿದೆ. ಮುಂದೆ ಸಡಿಲವಾದದ್ದು ಇಷ್ಟೇ: ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತೆನ್ನುವುದು ಬೇರೆ ಮಾತು.

ಈ ನಿಷೇಧಕ್ಕೆ ಆಡಳಿತದ ಕಾರಣಗಳು ಏನೇ ಇರಲಿ, ಅದರಡಿಯಲ್ಲಿ ಒಂದು ತಾತ್ವಿಕ ಊಹೆ ಅಡಗಿದೆ: ರಾಜಕೀಯದ ಮಾತು ಎಂದರೆ ಜಗಳವೇ, ತಿಳಿವು ಅಲ್ಲ. ಭಾರತದ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಇದನ್ನು ಇಷ್ಟು ಸುಲಭವಾಗಿ ಒಪ್ಪುವುದಿಲ್ಲ. ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆಗೆ ಮೂರು ಬಗೆ. ಪ್ರಮಾಣ (ಅರಿವಿನ ಆಧಾರ), ತರ್ಕಗಳನ್ನು ಹಿಡಿದು ಇಬ್ಬರೂ ಸತ್ಯವನ್ನು ಹುಡುಕುವುದು ವಾದ. ಗೆಲ್ಲಲೆಂದೇ ಛಲವನ್ನೂ ಕುಯುಕ್ತಿಯನ್ನೂ ಬಳಸುವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಮುರಿಯುವುದು ವಿತಂಡ. ಎದುರಿನವನ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಖಂಡಿಸುವುದೂ ಛಲದ ಒಂದು ಬಗೆ, ಟಿ.ವಿ. ಚರ್ಚೆ ನೋಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೂ ಜಲ್ಪವನ್ನು ಸೂತ್ರಕಾರ ಹೊರಗೆಸೆಯಲಿಲ್ಲ: ಮೊಳಕೆಯ ಕಾವಲಿಗೆ ಮುಳ್ಳುಬೇಲಿ ಹಾಕುವಂತೆ, ಕಂಡುಕೊಂಡ ತತ್ತ್ವದ ರಕ್ಷಣೆಗೆ ಅದೂ ಬೇಕು ಎನ್ನುತ್ತಾನೆ.

ರಾಜಕೀಯದ ಪ್ರಶ್ನೆ ಪ್ರಮಾಣಕ್ಕೆ ಸಿಗುತ್ತದೆಯೇ ಎಂಬುದು ಮುಂದಿನ ತೊಡಕು. ಕಾವೇರಿ ನೀರಿನ ಹಂಚಿಕೆಯನ್ನೇ ತೆಗೆದುಕೊಳ್ಳಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿ 284.75 ಟಿಎಂಸಿ ಎಂದು ನಿಗದಿ ಮಾಡಿತು. ಜಲಾಶಯದಲ್ಲಿ ಎಷ್ಟು ನೀರಿದೆ ಎಂಬುದನ್ನು ಅಳೆಯಬಹುದು. ಮಳೆ ಕೈಕೊಟ್ಟ ವರ್ಷ ಮಂಡ್ಯದ ಗದ್ದೆ, ಬೆಂಗಳೂರಿನ ನಲ್ಲಿ, ತಂಜಾವೂರಿನ ಬೆಳೆ ಇವುಗಳಲ್ಲಿ ಯಾವುದು ಮೊದಲು ಎಂಬುದಕ್ಕೆ ಅಳತೆಗೋಲಿಲ್ಲ. ಅದು ಧರ್ಮದ ಪ್ರಶ್ನೆ. ಅಳೆಯಬಹುದಾದದ್ದು ಎಲ್ಲಿ ಮುಗಿಯುತ್ತದೆ, ಧರ್ಮದ ಪ್ರಶ್ನೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆದು ತೋರಿಸಿದರೂ ವಾದ ತನ್ನ ಅರ್ಧ ಕೆಲಸ ಮಾಡಿದಂತೆ.

ಇನ್ನೊಂದು ತೊಡಕು ಕೇಳುಗನದು. ಆಯುರ್ವೇದದ ಚರಕಸಂಹಿತೆಯಲ್ಲಿ ವಿಮಾನಸ್ಥಾನ ಎಂಬ ಭಾಗ ವೈದ್ಯರ ಚರ್ಚೆಯನ್ನು ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆ, ಸ್ಪರ್ಧೆಯಿಂದ ನಡೆಯುವ ವಿಗೃಹ್ಯ ಸಂಭಾಷೆ ಎಂದು ಬೇರ್ಪಡಿಸಿ, ಸ್ಪರ್ಧೆಗೆ ಇಳಿಯುವ ಮೊದಲು ಸಭೆಯನ್ನು ಪರೀಕ್ಷಿಸಬೇಕು ಎನ್ನುತ್ತದೆ: ಅದು ತಿಳಿದವರ ಸಭೆಯೇ, ತಿಳಿಯದವರದೇ, ಒಲಿದವರದೇ, ಮುನಿದವರದೇ? ಬಾನುಲಿಗೆ ಈ ಪರೀಕ್ಷೆ ಸಾಧ್ಯವಿಲ್ಲ. ಸಭೆ ಕಾಣುವುದಿಲ್ಲ, ಕೇಳುಗ ನಡುವೆ ಎದ್ದು ಪ್ರಶ್ನಿಸಲಾರ. ಅರ್ಧ ಗಂಟೆ ಮುಗಿದಾಗ ಚರ್ಚೆಯನ್ನು ನಿಲ್ಲಿಸುವುದು ಗಡಿಯಾರ, ನಿರ್ಣಯವಲ್ಲ. ಹಾಗಾಗಿ ನಿರ್ಣಯದ ಹೊಣೆ ಕೇಳುಗನ ಮೇಲೆ ಬೀಳುತ್ತದೆ. ಅವನಿಗೆ ಎರಡೂ ಪಕ್ಷಗಳು ತಮ್ಮ ಪೂರ್ಣ ಬಲದಲ್ಲಿ ಕೇಳಿಸಬೇಕಾದರೆ ನಡೆಸಿಕೊಡುವವರು ಪೂರ್ವಪಕ್ಷದ ಹಳೆಯ ಶಿಸ್ತನ್ನು ಹಿಡಿಯಬೇಕು: ಎದುರಿನವರ ಮಾತನ್ನು ಅವರೇ ಒಪ್ಪುವಂತೆ ಹೇಳಿದ ಮೇಲೆಯೇ ಖಂಡನೆ.

ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದವನು ಸೋಲನ್ನು ಒಪ್ಪಬಲ್ಲವನು. ಪಕ್ಷದ ವಕ್ತಾರ ನೇರ ಪ್ರಸಾರದಲ್ಲಿ 'ನಿಮ್ಮ ಮಾತು ಸರಿ' ಎಂದರೆ ಮರುದಿನ ವಕ್ತಾರನಾಗಿ ಉಳಿಯುವುದು ಕಷ್ಟ. ಜಲ್ಪ ಅವನ ಸ್ವಭಾವವಲ್ಲ, ಉದ್ಯೋಗ. ಹತ್ತೊಂಬತ್ತರ ವಿದ್ಯಾರ್ಥಿ ಅಭಿಪ್ರಾಯ ಬದಲಿಸಿದರೆ ಕಳೆದುಕೊಳ್ಳುವುದು ಕ್ಯಾಂಟೀನಿನಲ್ಲಿ ಒಂದಿಷ್ಟು ಮಾನ ಮಾತ್ರ. ಆದರೂ ಸುದ್ದಿವಾಹಿನಿಯಲ್ಲಿ ವಕ್ತಾರನಿಗೆ ಕುರ್ಚಿ ಉಂಟು, ಕಾಲೇಜು ಬಾನುಲಿಯಲ್ಲಿ ರಾಜಕೀಯ ಚರ್ಚಿಸಲು ವಿದ್ಯಾರ್ಥಿಗೆ ಮೈಕು ಇಲ್ಲ. ವಿದ್ಯಾರ್ಥಿಗಳೆಲ್ಲ ಹೀಗೆ ಸ್ವತಂತ್ರರು ಎಂದೇನೂ ಅಲ್ಲ. ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐನಂಥ ವಿದ್ಯಾರ್ಥಿ ಸಂಘಟನೆಗಳ ಪದಾಧಿಕಾರಿಗಳು ಮೈಕಿನ ಮುಂದೆ ಕುಳಿತರೆ ಅವರೂ ಕಿರಿಯ ವಕ್ತಾರರೇ. ಮನೆಯ ಜಾತಿ, ಊರಿನ ನಿಷ್ಠೆಗಳೂ ಜೊತೆಗೇ ಬರುತ್ತವೆ. ನಿಷೇಧ ಸಡಿಲವಾಗಿ ಇಂಥ ಪದಾಧಿಕಾರಿಗಳನ್ನು ಕರೆಯುವಾಗ ಸಂಘಟನೆಯ ನಿಲುವು ಯಾವುದು, ಅವರ ಸ್ವಂತದ್ದು ಯಾವುದು ಎಂದು ಮೊದಲೇ ಕೇಳಿ ಪ್ರಸಾರದಲ್ಲಿ ತಿಳಿಸುವುದು ನಡೆಸಿಕೊಡುವವರ ಪಾಲಿನ ಕೆಲಸ.