ನಾಲ್ಕನೆಯ ಹಾಸಿಗೆ

ಮನೆಯಲ್ಲಿ ಎಷ್ಟು ಹಾಸಿಗೆಗಳಿರಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಲೆಕ್ಕ ಹೇಳಿದ್ದರು. ಗಂಡನಿಗೊಂದು, ಹೆಂಡತಿಗೊಂದು, ಮೂರನೆಯದು ಅತಿಥಿಗೆ. ಅದರಾಚೆ ನಾಲ್ಕನೆಯದೊಂದಿದ್ದರೆ ಅದು ಶೈತಾನನ ಪಾಲಿನದು ಎಂಬುದು ಆ ಮಾತಿನ ಸಾರ. ಜಾಬಿರ್(ರ) ವರದಿ ಮಾಡಿದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಗತ್ಯವನ್ನು ಮೀರಿ, ಹೆಮ್ಮೆಗಾಗಿ ಕೂಡಿಡುವ ವಸ್ತುವಿನ ಬಗ್ಗೆ ಇಲ್ಲಿ ಎಚ್ಚರಿಕೆಯಿದೆ ಎಂದು ಇಮಾಮ್ ನವವೀಯವರು ವಿವರಿಸಿದ್ದಾರೆ. ಮಕ್ಕಳಿರುವ ಮನೆಗೆ ಹೆಚ್ಚು ಹಾಸಿಗೆಗಳು ಬೇಕೆಂಬುದು ಯಾರಿಗೆ ತಿಳಿಯದು? ಆದ್ದರಿಂದ ನೋಡಬೇಕಾದುದು ಹಾಸಿಗೆಯ ಸಂಖ್ಯೆಯನ್ನಲ್ಲ, ಅದರ ಮೇಲೆ ಮಲಗುವವರು ಯಾರು ಎಂಬುದನ್ನು.

ಸಹೋದರ ಸಹೋದರಿಯರೇ, ಈ ಅಳತೆಯನ್ನು ನಮ್ಮ ಮನೆಯ ಒಂದು ಚಿಕ್ಕ ವಸ್ತುವಿಗೆ ಹಚ್ಚಿ ನೋಡೋಣ. ಇಂದು ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ತಂದೆಯ ಕೈಯಲ್ಲೊಂದು, ತಾಯಿಯ ಕೈಯಲ್ಲೊಂದು, ಕಾಲೇಜಿಗೆ ಹೋಗುವ ಮಗನ ಜೇಬಿನಲ್ಲೊಂದು ಮೊಬೈಲ್ ಇದೆ. ಮೂರರಲ್ಲೂ ಕ್ಯಾಮರಾ ಇದೆ. ಕಪಾಟಿನಲ್ಲಿ ಹಳೆಯ ಡಿಜಿಟಲ್ ಕ್ಯಾಮರಾ ಒಂದು ಬೇರೆ ಇದೆ. ಇಷ್ಟಿದ್ದೂ ಜೇಬಿನಲ್ಲಿ ಹಿಡಿಯುವಂತಹ ಇನ್ನೊಂದು ಪುಟ್ಟ ಕ್ಯಾಮರಾ ಬೇಕೆಂದು ಮಗ ಹಟ ಹಿಡಿಯುತ್ತಾನೆ. ಕೊಡಿಸಬೇಕೇ, ಬೇಡವೇ?

ಜೀವಿಗಳ ಚಿತ್ರ ತೆಗೆಯುವ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯ ನಮ್ಮ ಇಂದಿನ ವಿಷಯವಲ್ಲ. ಕ್ಯಾಮರಾ ಎಂಬ ಯಂತ್ರವನ್ನು ಹಳಿಯುವುದೂ ನಮ್ಮ ಉದ್ದೇಶವಲ್ಲ. ಕತ್ತಲೆ ಕೋಣೆಯೊಂದರ ಸಣ್ಣ ರಂಧ್ರದಿಂದ ಒಳಬರುವ ಬೆಳಕನ್ನು ಪರೀಕ್ಷಿಸಿ, ನೋಟದ ನಿಯಮಗಳನ್ನು ಬಿಡಿಸಿಟ್ಟವರಲ್ಲಿ 11ನೇ ಶತಮಾನದ ಇಬ್ನುಲ್ ಹೈಸಮ್ ಪ್ರಮುಖರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಆ ವಿದ್ವಾಂಸರಿಗೆ ಆ ಕತ್ತಲೆ ಕೋಣೆ ಜ್ಞಾನದ ಸಾಧನವಾಗಿತ್ತು. ಸಾಧನವು ಕೆಲಸ ಮಾಡುತ್ತಿರುವ ತನಕ ಅದು ಅಲ್ಲಾಹನ ಅನುಗ್ರಹ. ಕೆಲಸವಿಲ್ಲದೆ ಬಿದ್ದಾಗ ಅದು ಕೇವಲ ಹೊರೆ.

ಲೋಕವು ಈ ಪುಟ್ಟ ಕ್ಯಾಮರಾವನ್ನು ಹೇಗೆ ಕೈಬಿಟ್ಟಿತೆಂಬುದನ್ನು ಗಮನಿಸಿರಿ. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಇಂತಹ ಕ್ಯಾಮರಾಗಳು 10 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರುಕಟ್ಟೆಗೆ ಹೋಗಿದ್ದವು. 2023ರಲ್ಲಿ ಆ ಸಂಖ್ಯೆ 20 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಅವುಗಳ ಕೆಲಸವನ್ನು ಮೊಬೈಲ್ ನುಂಗಿತು. ಈಗ ಕೆಲವು ವರ್ಷಗಳಿಂದ ಯುವಜನರಲ್ಲಿ ಅದೇ ವಸ್ತುವಿನ ಮೋಹ ಮರಳಿ ಬಂದಿದೆ. ವಸ್ತು ಬದಲಾಗಿಲ್ಲ, ಬದಲಾದುದು ಫ್ಯಾಷನ್. ಫ್ಯಾಷನ್ನಿನ ಬೆನ್ನು ಹತ್ತಿದವನ ಮನೆಯಲ್ಲಿ ಹಾಸಿಗೆಗಳ ಸಂಖ್ಯೆ ಎಲ್ಲಿ ನಿಂತೀತು?

ಹಾಗೆಂದು ಎಲ್ಲರಿಗೂ ಒಂದೇ ತೀರ್ಪು ಕೊಡುವುದು ನ್ಯಾಯವಲ್ಲ. ಮದುವೆ ಮನೆಯಲ್ಲಿ ಫೋಟೋ ತೆಗೆದು ಹೊಟ್ಟೆ ಹೊರೆಯುವವನಿಗೆ ಎರಡನೆಯ ಕ್ಯಾಮರಾ ಬೇಕೇ ಬೇಕು. ಒಂದು ಕೈಕೊಟ್ಟರೆ ನಿಕಾಹ್ ಮತ್ತೊಮ್ಮೆ ನಡೆಯುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಲಿಯುವ ಹುಡುಗಿಗೆ ಬೆಳೆಗೆ ಬಿದ್ದ ಕೀಟವನ್ನು ಹತ್ತಿರದಿಂದ ದಾಖಲಿಸಬೇಕಾಗಬಹುದು. ಉಣಕಲ್ ಕೆರೆಯ ಅಥವಾ ಮುಂಡಗೋಡ ಬಳಿಯ ಅತ್ತಿವೇರಿಯ ಹಕ್ಕಿಗಳನ್ನು ಅಭ್ಯಾಸ ಮಾಡುವವನಿಗೆ ದೂರದ್ದನ್ನು ಹತ್ತಿರ ತರುವ ಮಸೂರ ಬೇಕು. ಅನೇಕ ಮೊಬೈಲುಗಳಲ್ಲಿ ಅದಿರುವುದಿಲ್ಲ. ಹತ್ತು ವರ್ಷದ ಮಗುವಿನ ಕೈಗೆ ಮೊಬೈಲ್ ಕೊಡಲು ಅಂಜುವ ತಾಯಿ, ಅದರ ಬದಲು ಚಿಕ್ಕ ಕ್ಯಾಮರಾ ಕೊಟ್ಟರೆ ಅದೂ ವಿವೇಕವೇ. ಇವರೆಲ್ಲರ ಕ್ಯಾಮರಾ ಮೂರನೆಯ ಹಾಸಿಗೆ. ಅದರ ಮೇಲೆ ಮಲಗುವವರಿದ್ದಾರೆ.

ಉಳಿದವರು ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಒಂದನೆಯದು, ಈಗಿರುವುದರಿಂದ ಆಗದ ಯಾವ ಕೆಲಸ ಇದರಿಂದ ಆಗುತ್ತದೆ? ಕೆಲಸದ ಹೆಸರು ಹೇಳಲಾಗದಿದ್ದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಎರಡನೆಯದು, ಹಣ ಎಲ್ಲಿಂದ ಬರುತ್ತದೆ? ಬಡ್ಡಿಯ ಕಂತಿನಲ್ಲಿ ಕೊಂಡರೆ, ಇಲ್ಲದ ಅಗತ್ಯಕ್ಕಾಗಿ ನಿಷಿದ್ಧ ದಾರಿ ತುಳಿದಂತಾಯಿತು. ಮೂರನೆಯದು, ಈ ಹಣದ ಮೇಲೆ ಬೇರೆ ಯಾರ ಹಕ್ಕಾದರೂ ಇದೆಯೇ? ತೀರದ ಸಾಲ, ತಂಗಿಯ ಶಾಲೆಯ ಶುಲ್ಕ, ತಾಯಿಯ ಔಷಧಿ, ಓಣಿಯ ವಿಧವೆಯ ಮನೆ ಬಾಡಿಗೆ - ಇವು ಸರದಿಯಲ್ಲಿ ಮೊದಲು ನಿಂತಿವೆ. ಬಂಧುಗಳಿಗೂ ಬಡವರಿಗೂ ಅವರ ಹಕ್ಕನ್ನು ಕೊಡಬೇಕೆಂದು ಆದೇಶಿಸಿದ ಬೆನ್ನಿಗೇ ಪವಿತ್ರ ಕುರ್‌ಆನ್ ದುಂದುವೆಚ್ಚವನ್ನು ನಿಷೇಧಿಸಿದೆ (17:26). ಎರಡೂ ಒಂದೇ ಸೂಕ್ತದಲ್ಲಿರುವುದು ಅರ್ಥಪೂರ್ಣವಾಗಿದೆ. ಪೋಲಾಗುವ ಹಣ ಹೆಚ್ಚಾಗಿ ಯಾರದೋ ಹಕ್ಕಿನ ಹಣವೇ ಆಗಿರುತ್ತದೆ.

ಆದರೆ ತಂದೆ ತಾಯಂದಿರಿಗೂ ಒಂದು ಮಾತಿದೆ. ಖರ್ಚಿನಲ್ಲಿ ದುಂದನ್ನೂ ಜಿಪುಣತನವನ್ನೂ ಬಿಟ್ಟು ಮಧ್ಯಮ ಮಾರ್ಗ ಹಿಡಿಯುವವರೇ ಕರುಣಾಮಯನ ನಿಜವಾದ ದಾಸರೆಂದು ಅಲ್ ಫುರ್‌ಕಾನ್ ಅಧ್ಯಾಯ ಕಲಿಸುತ್ತದೆ. ತಾನು ಅಗತ್ಯವಿಲ್ಲದೆ ವರ್ಷಕ್ಕೊಂದು ಮೊಬೈಲ್ ಬದಲಿಸುವ ತಂದೆ ಮಗನಿಗೆ ಮಿತವ್ಯಯದ ಪಾಠ ಹೇಳಿದರೆ ಅದು ನಾಟೀತೇ? ಮಗನೊಂದಿಗೆ ಕುಳಿತು ಮನೆಯ ಲೆಕ್ಕ ತೆರೆದಿಡಿ. ತನ್ನ ಸ್ಕಾಲರ್‌ಶಿಪ್ಪಿನಿಂದಲೋ ದುಡಿಮೆಯಿಂದಲೋ ಉಳಿಸಿ ಆರು ತಿಂಗಳ ನಂತರವೂ ಅವನಿಗೆ ಅದು ಬೇಕೆನಿಸಿದರೆ ಮತ್ತೆ ಮಾತಾಡಬಹುದು. ಕಾಯುವುದರಲ್ಲಿ ಬಯಕೆಯ ನಿಜ ಸ್ವರೂಪ ತಿಳಿಯುತ್ತದೆ.

ಈಗಾಗಲೇ ಕಪಾಟಿನಲ್ಲಿ ಬಿದ್ದಿರುವ ಕ್ಯಾಮರಾವನ್ನೇನು ಮಾಡುವುದು? ಇಂದೇ ಹೊರತೆಗೆಯಿರಿ. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದರೆ ಲಿಥಿಯಂ ಬ್ಯಾಟರಿ ಕೆಡುತ್ತದೆ. ಅಗಲಿದ ಅಜ್ಜನ ಚಿತ್ರ ಅದರ ಕಾರ್ಡಿನಲ್ಲಿ ಉಳಿದಿರಬಹುದು, ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬಳಿಕ ಬಂಧುಗಳಲ್ಲಿ, ನೆರೆಯವರಲ್ಲಿ, ಓಣಿಯ ಶಾಲೆಯಲ್ಲಿ ಅದರ ಅಗತ್ಯವಿರುವವರನ್ನು ಹುಡುಕಿ ಕೊಟ್ಟುಬಿಡಿ. ಕೊಡುವಾಗ ಕಾರ್ಡನ್ನು ನಿಮ್ಮಲ್ಲೇ ಇರಿಸಿಕೊಳ್ಳಿ. ಮನೆಯ ಹೆಣ್ಣುಮಕ್ಕಳ ಚಿತ್ರಗಳು ಅಮಾನತ್ತಾಗಿವೆ. ಅವು ಪರರ ಕೈ ಸೇರಬಾರದು. ಕೊಡಲು ಮನಸ್ಸಿಲ್ಲದಿದ್ದರೆ ಕೇಳಿದವರಿಗೆ ಎರವಲಾದರೂ ಕೊಡಿರಿ. ಅಲ್ ಮಾಊನ್ ಅಧ್ಯಾಯವು ಚಿಕ್ಕಪುಟ್ಟ ವಸ್ತುಗಳನ್ನು ಸಹ ಕೊಡದೆ ತಡೆಯುವವರನ್ನು ಖಂಡಿಸುತ್ತದೆ. ಪಾತ್ರೆ, ಕೊಡ, ಕೊಡಲಿಯಂತಹ ಎರವಲು ಸಾಮಾನುಗಳೇ ಅವೆಂದು ಇಬ್ನು ಮಸ್‌ಊದ್(ರ) ವಿವರಿಸಿದ್ದಾರೆ. ನಮ್ಮ ಕಾಲದಲ್ಲಿ ಆ ಪಟ್ಟಿಗೆ ಕ್ಯಾಮರಾವನ್ನೂ ಸೇರಿಸಬಾರದೇಕೆ? ನೆರೆಮನೆಯ ಹುಡುಗ ಅದನ್ನೊಯ್ದು ತನ್ನ ಪಾಠದ ಕೆಲಸ ಮುಗಿಸಿ ತಂದರೆ, ನಾಲ್ಕನೆಯ ಹಾಸಿಗೆಯೇ ಅತಿಥಿಯ ಹಾಸಿಗೆಯಾಗಿ ಬದಲಾಯಿತು.

ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ವ್ಯಯಿಸಿದೆ ಎಂಬ ಪ್ರಶ್ನೆಗೆ ಉತ್ತರಿಸದೆ ಅಂತ್ಯದಿನ ಯಾರೂ ಹೆಜ್ಜೆ ಕದಲಿಸಲಾರರು. ಆ ಲೆಕ್ಕದಲ್ಲಿ ಕಪಾಟಿನ ಮೂಲೆಯ ವಸ್ತುವೂ ಇದೆ. ಅಲ್ಲಾಹನು ನಮಗೆ ಬೇಕಾದುದರಲ್ಲಿ ತೃಪ್ತಿಯನ್ನೂ, ಹೆಚ್ಚಾದುದನ್ನು ಹಂಚುವ ಮನಸ್ಸನ್ನೂ ಕರುಣಿಸಲಿ. ಆಮೀನ್.