ಲೌಕಿಕ ವಿಧಿ ಮತ್ತು ಸಲಿಂಗ ವಿವಾಹದ ಪ್ರಶ್ನೆ

ಕ್ರಿ.ಶ. 959ರಲ್ಲಿ ಯಶಸ್ತಿಲಕ ಚಂಪೂವನ್ನು ಪೂರೈಸಿದ ಸೋಮದೇವಸೂರಿಗಳು ಗೃಹಸ್ಥನ ಧರ್ಮವನ್ನು ಲೌಕಿಕ, ಪಾರಲೌಕಿಕ ಎಂದು ಎರಡಾಗಿ ವಿಂಗಡಿಸಿದರು. ಪಾರಲೌಕಿಕವು ಆಗಮವನ್ನು ಆಶ್ರಯಿಸಿದ್ದು. ಲೌಕಿಕವು ಲೋಕದ ನಡೆಯನ್ನು ಆಶ್ರಯಿಸಿದ್ದು. ಸಮ್ಯಕ್ತ್ವಕ್ಕೆ ಹಾನಿ ತಾರದ, ವ್ರತಕ್ಕೆ ದೂಷಣೆ ತಾರದ ಲೋಕವಿಧಿಯೆಲ್ಲವೂ ಜೈನನಿಗೆ ಸಮ್ಮತವೆಂಬುದು ಅವರ ನಿರ್ಣಯ. ರಾಷ್ಟ್ರಕೂಟರ ಕಾಲದಲ್ಲಿ ಅನ್ಯಮತೀಯರ ನಡುವೆ ಬಾಳಬೇಕಾಗಿದ್ದ ಶ್ರಾವಕರಿಗೆ ಹೇಳಿದ ಈ ಮಾತನ್ನು, ಸಲಿಂಗ ವಿವಾಹಕ್ಕೆ ಕಾನೂನಿನ ಮನ್ನಣೆ ಬೇಕೆ ಬೇಡವೆ ಎಂಬ ಇಂದಿನ ವಿವಾದಕ್ಕೂ ಅನ್ವಯಿಸಿ ನೋಡಬಹುದು. ಆದರೆ ಈ ವಿಷಯ ಮನೆಗಳಲ್ಲಿ ಚರ್ಚೆಗೆ ಬಂದಾಗ ಬಳಕೆಯಾಗುವುದು ಹೆಚ್ಚಾಗಿ ಜುಗುಪ್ಸೆ. ಅದೂ ಒಂದು ನೋಕಷಾಯವೆಂಬುದು ಮರೆತುಹೋಗಿರುತ್ತದೆ.

ಕೇಳಿದ್ದೇನು, ಸಿಕ್ಕಿದ್ದೇನು ಎಂಬುದನ್ನು ಮೊದಲು ತಿಳಿಯಬೇಕು. 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸುತ್ತಿತ್ತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರಿಬ್ಬರ ಸಮ್ಮತಿಯ ಸಂಬಂಧವನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಪರಾಧವಲ್ಲವೆಂದ ಮೇಲೆ ಅಂಥ ಇಬ್ಬರ ಸಹಜೀವನಕ್ಕೆ ಕಾನೂನಿನಲ್ಲಿ ಯಾವ ಸ್ಥಾನ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. 1954ರ ವಿಶೇಷ ವಿವಾಹ ಅಧಿನಿಯಮದ ಅಡಿಯಲ್ಲಿ ತಮ್ಮ ವಿವಾಹವನ್ನು ನೋಂದಾಯಿಸಬೇಕೆಂದು ಕೋರಿದವರ ಅರ್ಜಿಗಳ ವಿಚಾರಣೆ 2023ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಆರಂಭವಾಯಿತು. ಮತಧರ್ಮಗಳ ವೈಯಕ್ತಿಕ ಕಾನೂನುಗಳಿಗೆ ಕೈಹಾಕುವುದಿಲ್ಲವೆಂದು ಪೀಠವು ಮೊದಲ ದಿನವೇ ಸ್ಪಷ್ಟಪಡಿಸಿತು. ಅದೇ ವರ್ಷ ಅಕ್ಟೋಬರ್ 17ರಂದು ಬಂದ ತೀರ್ಪಿನಲ್ಲಿ, ವಿವಾಹವಾಗುವುದು ಮೂಲಭೂತ ಹಕ್ಕಲ್ಲ, ಅಧಿನಿಯಮವನ್ನು ತಿದ್ದುವುದು ಸಂಸತ್ತಿಗೆ ಸೇರಿದ ಕೆಲಸ ಎಂಬುದರಲ್ಲಿ ಐವರದೂ ಏಕಾಭಿಪ್ರಾಯ. ವಿವಾಹವೆನ್ನದೆ ಬೇರೊಂದು ರೂಪದಲ್ಲಾದರೂ ಈ ಸಹಜೀವನವನ್ನು ಗುರುತಿಸಬೇಕೆಂದವರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು.

ಬಸದಿಯಲ್ಲಿ ಇಂಥ ವಿವಾಹ ಮಾಡಿಸಬೇಕಾದೀತೆಂಬ ಭಯ ಕೆಲವು ಧರ್ಮದರ್ಶಿಗಳಿಗಿದೆ. ಅದು ನಿರಾಧಾರ. ವಿಶೇಷ ವಿವಾಹವು ನೋಂದಣಾಧಿಕಾರಿಯ ಎದುರು ನಡೆಯುವಂಥದು. ಅಲ್ಲಿ ಹೋಮವೂ ಬೇಡ, ಪುರೋಹಿತರೂ ಬೇಡ. ಜಿನಸೇನಾಚಾರ್ಯರ ಆದಿಪುರಾಣವು ವಿವಾಹವನ್ನು ಗರ್ಭಾನ್ವಯ ಕ್ರಿಯೆಗಳಲ್ಲಿ ಎಣಿಸಿದೆ. ಆ ಕ್ರಿಯೆಯನ್ನು ಯಾರಿಗೆ ನೆರವೇರಿಸಬೇಕೆಂಬುದು ಸಮಾಜಕ್ಕೆ ಸೇರಿದ ವಿಚಾರ. ಅರ್ಜಿದಾರರು ನ್ಯಾಯಾಲಯದಲ್ಲಿ ಕೇಳಿದ್ದು ಅದನ್ನಲ್ಲ.

ಇನ್ನು ವ್ರತದ ಮಾತು. ತತ್ತ್ವಾರ್ಥಸೂತ್ರವು ಬ್ರಹ್ಮಚರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಸಲಿಂಗ ಸಂಬಂಧವನ್ನು ವಿರೋಧಿಸುವವರು ಮುಂದಿಡುವುದು ಅವುಗಳಲ್ಲೊಂದಾದ ಅನಂಗಕ್ರೀಡೆಯನ್ನು. ವಾದ ಹಗುರವಾದುದಲ್ಲ. ಅಣುವ್ರತಿಯ ಸ್ವದಾರಸಂತೋಷವು ಗಂಡಹೆಂಡಿರ ಸಂಸಾರವನ್ನೇ ಮನಸ್ಸಿನಲ್ಲಿಟ್ಟು ಹೇಳಿದ್ದು. ಆಚಾರ್ಯರು ಇನ್ನೊಂದು ಬಗೆಯ ದಾಂಪತ್ಯವನ್ನು ಸಮ್ಮತಿಸಿದ್ದರೆಂದು ಎಳೆದು ಅರ್ಥಮಾಡುವುದು ಗ್ರಂಥಕ್ಕೆ ಮಾಡುವ ಅಪಚಾರವಾದೀತು. ಆದರೆ ಅದೇ ಸೂತ್ರ ಎಲ್ಲಕ್ಕಿಂತ ಮೊದಲು ಹೇಳುವ ಅತಿಚಾರ ಪರವಿವಾಹಕರಣ, ಎಂದರೆ ತನ್ನ ಮಕ್ಕಳಲ್ಲದವರ ಮದುವೆಯನ್ನು ತಾನು ಮುಂದೆ ನಿಂತು ಮಾಡಿಸುವುದು. ಸಂಬಂಧ ಕುದುರಿಸುವುದನ್ನೇ ಸಮಾಜಸೇವೆಯೆಂದು ಬಗೆದ ಹಿರಿಯರು ಇದನ್ನು ಎಷ್ಟು ಬಾರಿ ನೆನೆದಾರು! ಎರಡೂ ಅತಿಚಾರಗಳು ವ್ರತ ತೆಗೆದುಕೊಂಡವನನ್ನು ಕಟ್ಟುತ್ತವೆ. ವ್ರತಿಯು ತನ್ನ ಮನಸ್ಸಿನ ಮೇಲೆ ಇಟ್ಟುಕೊಳ್ಳಬೇಕಾದ ಕಾವಲನ್ನು ನೆರೆಮನೆಯ ಬಾಗಿಲಿಗೆ ನಿಲ್ಲಿಸಲು ಅವು ಅಧಿಕಾರ ಕೊಡುವುದಿಲ್ಲ.

ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ವೇದಮಾರ್ಗಣೆಯಲ್ಲಿ ಈ ವಿಷಯದ ಬುಡಕ್ಕೇ ಹೋಗಿದ್ದಾರೆ. ದೇಹದ ಲಿಂಗ ದ್ರವ್ಯವೇದ, ಒಳಗಿನ ಕಾಮಪ್ರವೃತ್ತಿ ಭಾವವೇದ. ಇವೆರಡೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ, ಕೆಲವೆಡೆ ಬೇರೆಯಾಗಿರುತ್ತವೆ ಎಂದು ಅವರು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದರು. ಮನುಷ್ಯನ ಒಳಪ್ರವೃತ್ತಿ ಅವನ ದೇಹವನ್ನು ನೋಡಿ ನಿಶ್ಚಯಿಸಬಹುದಾದುದಲ್ಲ, ಅದು ಕರ್ಮೋದಯದಿಂದ ಬಂದುದು ಎಂದಾಯಿತು. ನಪುಂಸಕವೇದವನ್ನು ಅವರು ಇಟ್ಟಿಗೆಯ ಆವಿಗೆಯ ಬೆಂಕಿಗೆ ಹೋಲಿಸಿ ಅತಿ ತೀವ್ರವೆಂದದ್ದೂ ನಿಜ. ಆದರೆ ಪುರುಷವೇದವನ್ನೂ ಸ್ತ್ರೀವೇದವನ್ನೂ ಅವರು ಬೆಂಕಿಯೆಂದೇ ಕರೆದರು. ಮೂರೂ ಚಾರಿತ್ರಮೋಹನೀಯದ ಫಲಗಳು. ಮಡದಿಮಕ್ಕಳೊಡನೆ ಸುಖವಾಗಿರುವ ಗೃಹಸ್ಥನು ತನ್ನ ಬೆಂಕಿ ಹುಲ್ಲಿನದೆಂಬ ಕಾರಣಕ್ಕೆ ಬೀಗಬೇಕಾದುದೇನೂ ಇಲ್ಲ.

ಪರವಿವಾಹಕರಣದ ಮಾತು ಬಂದದ್ದರಿಂದ, ಕುಟುಂಬಗಳು ಬಾಯಿಬಿಟ್ಟು ಹೇಳದ ಒಂದು ಸಂಗತಿಯನ್ನು ಹೇಳಲೇಬೇಕಾಗಿದೆ. ಮಗನ ಪ್ರವೃತ್ತಿ ಬೇರೆಯೆಂದು ತಿಳಿದ ತಂದೆತಾಯಂದಿರು, ಮದುವೆಯಾದರೆ ಸರಿಹೋದೀತೆಂದು ಅವಸರದಿಂದ ಹೆಣ್ಣು ತರುವುದುಂಟು. ಜಾತಕ ನೋಡುತ್ತಾರೆ, ಗೋತ್ರ ನೋಡುತ್ತಾರೆ, ಹೆಣ್ಣಿನವರ ವ್ಯಾಪಾರದ ಲೆಕ್ಕವನ್ನೂ ನೋಡುತ್ತಾರೆ. ತಮಗೆ ತಿಳಿದ ಒಂದೇ ಒಂದು ಸತ್ಯವನ್ನು ಮಾತ್ರ ಮುಚ್ಚಿಡುತ್ತಾರೆ. ಬಂದ ಹುಡುಗಿ ತನ್ನಲ್ಲೇನು ಕೊರತೆಯೆಂದು ವರ್ಷಗಟ್ಟಲೆ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಸರಕಿನ ದೋಷವನ್ನು ಮುಚ್ಚಿ ಮಾರುವ ವರ್ತಕನನ್ನು ಸತ್ಯ, ಅಚೌರ್ಯ ಎರಡರ ಲೆಕ್ಕದಲ್ಲೂ ತಪ್ಪಿತಸ್ಥನೆನ್ನುವ ಸಮಾಜವು ಇದನ್ನು ಕುಲಮರ್ಯಾದೆಯ ರಕ್ಷಣೆ ಎನ್ನುತ್ತದೆ. ಈ ಚರ್ಚೆಯಲ್ಲಿ ಹಿಂಸೆ ಎಲ್ಲಿದೆಯೆಂದು ಹುಡುಕುವವರು ಮೊದಲು ಆ ಸೊಸೆಯ ಕೋಣೆಯನ್ನು ನೋಡಬೇಕು.

ಎರಡನೆಯದು ಆಸ್ತಿಯ ವಿಚಾರ. ವರ್ತಕರಿಗೆ ಇದು ಬೇಗ ತಿಳಿಯುವಂಥದು. 1932ರ ಪಾಲುದಾರಿಕೆ ಅಧಿನಿಯಮದ ಪ್ರಕಾರ ಯಾವ ಇಬ್ಬರು ಗಂಡಸರಾದರೂ, ಯಾವ ಇಬ್ಬರು ಹೆಂಗಸರಾದರೂ ಅಂಗಡಿಯಲ್ಲಿ ಪಾಲುದಾರರಾಗಬಹುದು. ಒಬ್ಬರು ತೀರಿಕೊಂಡರೆ ಯಾರಿಗೆಷ್ಟು ಎಂಬುದಕ್ಕೆ ಲೆಕ್ಕವಿದೆ. ಅದೇ ಇಬ್ಬರು ಮೂವತ್ತು ವರ್ಷ ಒಂದೇ ಮನೆಯಲ್ಲಿ ದುಡಿದು, ಒಬ್ಬರ ಹೆಸರಿನಲ್ಲಿ ಮನೆ ಕೊಂಡು, ಉಯಿಲು ಬರೆಯದೆ ಆ ಒಬ್ಬರು ಕಣ್ಮುಚ್ಚಿದರೆ? ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿ ಗಂಡಸಿನ ಆಸ್ತಿಗೆ ಮೊದಲ ವರ್ಗದ ವಾರಸುದಾರರು, ಎರಡನೆಯ ವರ್ಗದವರು, ಆಮೇಲೆ ದೂರದ ಜ್ಞಾತಿಗಳು, ಬಂಧುಗಳು, ಇವರಾರೂ ಇಲ್ಲದಿದ್ದರೆ ಸರ್ಕಾರ. ಮೂವತ್ತು ವರ್ಷದ ಸಂಗಾತಿಗೆ ಸರ್ಕಾರದ ಹಿಂದೆಯೂ ಸ್ಥಳವಿಲ್ಲ. ನಾಮನಿರ್ದೇಶನ ಮಾಡಿದರೆ ಸಾಕೆನ್ನುವವರಿದ್ದಾರೆ. ನಾಮಿನಿ ಹಣವನ್ನು ಪಡೆಯುವವನಷ್ಟೇ, ಅದು ವಾರಸುದಾರರಿಗೆ ಸೇರಬೇಕಾದದ್ದು ಎಂದು ಸರ್ವೋಚ್ಚ ನ್ಯಾಯಾಲಯವು ವಿಮೆಯ ವಿಷಯದಲ್ಲಿ 1983ರಲ್ಲೂ, ಷೇರುಗಳ ವಿಷಯದಲ್ಲಿ 2023ರಲ್ಲೂ ಹೇಳಿದೆ. 2015ರ ತಿದ್ದುಪಡಿಯು ವಿಮೆಯ ಹಣದ ಮೇಲೆ ನಾಮಿನಿಗೆ ನಿಜವಾದ ಒಡೆತನ ಕೊಟ್ಟಿತು, ಆದರೆ ತಂದೆತಾಯಿ, ಪತಿಪತ್ನಿ ಮತ್ತು ಮಕ್ಕಳಿಗೆ ಮಾತ್ರ.

ಬದುಕಿರುವಾಗ ಮನೆಯ ಹೊಸ್ತಿಲು ತುಳಿಯಗೊಡದಿದ್ದ ಅಣ್ಣತಮ್ಮಂದಿರು ತೀರಿಕೊಂಡ ಮೇಲೆ ಬಂದು, ಇನ್ನೊಬ್ಬರ ಬೆವರೂ ಸೇರಿರುವ ಮನೆಯ ಬೀಗದಕೈ ಕೇಳುವುದು ಕಾನೂನಿನ ಪ್ರಕಾರ ಸರಿ. ಅದತ್ತಾದಾನದ ದೋಷದಿಂದ ಅದು ಮುಕ್ತವೇ ಎಂಬುದನ್ನು ಅಣುವ್ರತಿಗಳು ಯೋಚಿಸಬೇಕು. ಉಯಿಲು ಬರೆಯಲಿ ಎಂಬ ಸಲಹೆ ಒಳ್ಳೆಯದೇ, ಬರೆಯಲೂ ಬೇಕು. ಆದರೆ ಉಯಿಲಿಲ್ಲದೆ ಸತ್ತ ಗಂಡನ ಹೆಂಡತಿಯನ್ನು ಯಾರೂ ಬೀದಿಗೆ ಕಳುಹಿಸುವುದಿಲ್ಲ.

ಲೋಕದ ಸಾಮಾನ್ಯ ನಿಯಮಕ್ಕಿಂತ ಭಿನ್ನವಾದ ಮನೆವಾರ್ತೆಗೆ ಮನ್ನಣೆ ಬೇಡಿ ನ್ಯಾಯಾಲಯಕ್ಕೆ ಹೋಗುವುದು ಜೈನರಿಗೆ ಅಪರಿಚಿತವಲ್ಲ. ಸಂತಾನವಿಲ್ಲದ ಜೈನ ವಿಧವೆ ಪತಿಯ ಅನುಮತಿಯಿಲ್ಲದೆಯೂ ದತ್ತು ಸ್ವೀಕರಿಸಬಹುದೆಂಬ ಆಚಾರವನ್ನು ಪ್ರಿವಿ ಕೌನ್ಸಿಲ್ 1878ರಲ್ಲಿ ಎತ್ತಿಹಿಡಿಯಿತು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಅದೇ 1860ರ ಸಂಹಿತೆಯ ಅಡಿಯಲ್ಲಿ ಅಪರಾಧವೆಂದಾಗ, ಪರದೇಶಿ ಆಳರಸರ ದಂಡಶಾಸ್ತ್ರದಿಂದ ಅಂತಃಕರಣವನ್ನು ಅಳೆಯಬಾರದೆಂದು ಸಮಾಜವೆಲ್ಲ ಬೀದಿಗಿಳಿಯಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆ ಬಂದಿತು. ಸಲ್ಲೇಖನ ವ್ರತ, ಇದು ಸಂಸಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವಂತಿಲ್ಲ. ಅಲ್ಪಸಂಖ್ಯಾತರು ಬಹುಸಂಖ್ಯಾತರೆದುರು ಇಟ್ಟ ಬೇಡಿಕೆಯ ರೀತಿ ಮಾತ್ರ ಒಂದೇ.

ತೀರ್ಪಿನ ಮರುವರ್ಷ ಕೇಂದ್ರ ಸರ್ಕಾರವು ಕೆಲವು ಸೂಚನೆಗಳನ್ನು ಹೊರಡಿಸಿತು. ಇಂಥ ಸಂಗಾತಿಗಳನ್ನು ಪಡಿತರ ಚೀಟಿಗೆ ಒಂದೇ ಕುಟುಂಬವೆಂದು ಎಣಿಸಬೇಕು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಪರಸ್ಪರರನ್ನು ನಾಮನಿರ್ದೇಶನ ಮಾಡಲು ಅಡ್ಡಿಯಿಲ್ಲ. ಹತ್ತಿರದ ಬಂಧುಗಳು ದೊರೆಯದಿದ್ದಾಗ ಸಂಗಾತಿಯು ಮೃತದೇಹವನ್ನು ಪಡೆಯಬಹುದು. ಬಂಧುಗಳು ದೊರೆತರೆ, ಅವರು ಎಷ್ಟು ವರ್ಷ ಮುಖ ತಿರುಗಿಸಿದವರಾದರೂ, ದೇಹ ಅವರಿಗೇ ಹೋಗುತ್ತದೆ. ಜೊತೆಗೆ ಬಾಳಿದವರನ್ನು ಶ್ಮಶಾನಕ್ಕೆ ಬರಗೊಡುವುದೂ ಬಿಡುವುದೂ ಆ ಬಂಧುಗಳ ಇಚ್ಛೆ.