ಶಾಲೆಯ ಬಾಗಿಲಲ್ಲಿ ಕಾವಲು ಯಾರದು?



ಕಾಯಿನನು ತಮ್ಮನನ್ನು ಹೊಲಕ್ಕೆ ಕರೆದೊಯ್ದು ಕೊಂದ. ತಮ್ಮನೆಲ್ಲಿ ಎಂದು ದೇವರು ಕೇಳಿದಾಗ, ಅವನನ್ನು ಕಾಯುವುದು ತನ್ನ ಕೆಲಸವೇ ಎಂದು ದೇವರನ್ನೇ ಮರುಪ್ರಶ್ನಿಸಿದ (ಆದಿಕಾಂಡ 4). ಯಾರು ಯಾರ ಕಾವಲುಗಾರರು? ಮೊದಲ ಕೊಲೆಯ ಜೊತೆಯಲ್ಲೇ ಹುಟ್ಟಿದ ಈ ಪ್ರಶ್ನೆ ಇಂದು ಅಮೆರಿಕ ದೇಶದ ಶಾಲೆಗಳ ಬಾಗಿಲಲ್ಲಿ ನಿಂತಿದೆ.

2025ರ ಆಗಸ್ಟ್ 27ರ ಬೆಳಿಗ್ಗೆ ಮಿನಿಯಾಪೊಲಿಸ್ ನಗರದ ಮಂಗಳವಾರ್ತೆಯ ದೇವಾಲಯದಲ್ಲಿ ಶಾಲಾ ಮಕ್ಕಳಿಗಾಗಿ ಬಲಿಪೂಜೆ ನಡೆಯುತ್ತಿತ್ತು. ಶಾಲೆ ಆರಂಭವಾದ ಮೊದಲ ವಾರ. ಹೊರಗೆ ನಿಂತವನೊಬ್ಬ ಕಿಟಕಿಗಳ ಮೂಲಕ ಗುಂಡಿನ ಮಳೆಗರೆದ. ಪೀಠಗಳಲ್ಲಿ ಕುಳಿತಿದ್ದ ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು ಪ್ರಾಣಬಿಟ್ಟರು, ಅನೇಕರು ಗಾಯಗೊಂಡರು. ಮುಂದಿನ ಭಾನುವಾರ ತ್ರಿಕಾಲ ಪ್ರಾರ್ಥನೆಯ ವೇಳೆ ಜಗದ್ಗುರು ಹದಿನಾಲ್ಕನೇ ಲಿಯೋ ಅವರು, ಲೋಕಕ್ಕೆ ಅಂಟಿರುವ ಆಯುಧಗಳ ಸಾಂಕ್ರಾಮಿಕ ರೋಗವನ್ನು ನಿಲ್ಲಿಸೆಂದು ದೇವರಲ್ಲಿ ಮೊರೆಯಿಟ್ಟರು. ಆ ದೇಶದಲ್ಲೇ ಹುಟ್ಟಿ ಬೆಳೆದವರು ಅವರು.

ದೂರದ ದೇಶದ ಸುದ್ದಿ ನಮಗೇಕೆ ಎನ್ನುವಿರಾ? ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಸಂಸಾರ ಹೂಡಿದ್ದಾರೆ. ನಮ್ಮ ಮೊಮ್ಮಕ್ಕಳು ಅಲ್ಲಿನ ಶಾಲೆಗಳಲ್ಲಿ, ಗುಂಡಿನ ಸದ್ದಾದರೆ ಎಲ್ಲಿ ಅಡಗಬೇಕೆಂಬುದನ್ನು ಅಕ್ಷರದ ಜೊತೆಗೇ ಕಲಿಯುತ್ತಿದ್ದಾರೆ. ಮೇಲಾಗಿ, ಎಲ್ಲಿಯದೇ ಆಗಲಿ, ಮಗು ದೇವರ ಮಗುವೇ ಅಲ್ಲವೇ?

ಇಂಥ ದುರಂತವಾದಾಗಲೆಲ್ಲ ಅಲ್ಲಿ ಎರಡು ದನಿಗಳು ಏಳುತ್ತವೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳು ಮತ್ತು 6 ಮಂದಿ ಸಿಬ್ಬಂದಿ ಬಲಿಯಾದರು. ಒಂದು ವಾರದೊಳಗೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಂಬ ಬಂದೂಕುದಾರರ ಸಂಘ, ಪ್ರತಿ ಶಾಲೆಗೂ ಬಂದೂಕುಧಾರಿ ಕಾವಲುಗಾರ ಬೇಕೆಂದು ಕೇಳಿತು. ಬಂದೂಕು ಕೊಳ್ಳುವವರ ಪೂರ್ವಾಪರ ವಿಚಾರಿಸುವ ನಿಯಮ ಬಿಗಿಯಾಗಲಿ ಎಂದು ಇನ್ನೊಂದು ಪಕ್ಷ ಕೇಳಿತು. ಆ ಮಸೂದೆಗೆ 2013ರ ಏಪ್ರಿಲ್‌ನಲ್ಲಿ ಸೆನೆಟ್ ಸಭೆಯಲ್ಲಿ 54 ಮತಗಳು ಬಂದವು, ಬೇಕಿದ್ದದ್ದು 60. ಅಂದಿನಿಂದ ಇಂದಿನವರೆಗೂ ಈ ವಾದ ಮುಗಿದಿಲ್ಲ. ಕ್ರೈಸ್ತ ವಿಶ್ವಾಸಿ ಇದನ್ನು ಹೇಗೆ ನೋಡಬೇಕು?

ಕಾವಲುಗಾರನನ್ನು ಕೇಳುವ ತಾಯಿಯನ್ನು ಧರ್ಮಸಭೆ ಗದರಿಸುವುದಿಲ್ಲ. ದಾಳಿಯಿಂದ ಪ್ರಾಣ ಉಳಿಸಿಕೊಳ್ಳಲು ಅಗತ್ಯವಿರುವಷ್ಟೇ ಬಲ ಬಳಸುವುದು ತಪ್ಪಲ್ಲ, ಆದರೆ ಅದನ್ನು ಮೀರಿದರೆ ತಪ್ಪು ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಇತರರ ಪ್ರಾಣದ ಹೊಣೆ ಹೊತ್ತವರಿಗೆ ರಕ್ಷಣೆಯು ಹಕ್ಕು ಮಾತ್ರವಲ್ಲ, ಗಂಭೀರ ಕರ್ತವ್ಯವೂ ಆಗಬಹುದು ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ (ಸಂಖ್ಯೆ 2265). ಆದ್ದರಿಂದ ಶಾಲೆಯ ಬಾಗಿಲಲ್ಲಿ ನಿಂತು ತನ್ನ ಪ್ರಾಣವನ್ನೇ ಒಡ್ಡುವ ಕಾವಲುಗಾರನನ್ನು ನಾವು ಗೌರವಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯ ರಾಜ್ಯದ ಅಪಲಾಚಿ ಶಾಲೆಯಲ್ಲಿ 14 ವರ್ಷದ ಹುಡುಗ ನಾಲ್ವರನ್ನು ಕೊಂದ. ಶಾಲೆಯ ಕಾವಲು ಪೊಲೀಸರು ಎದುರಾದ ಕೂಡಲೇ ಶರಣಾದ. ಅವರಿಲ್ಲದಿದ್ದರೆ ಸಾವು ನಾಲ್ಕಕ್ಕೆ ನಿಲ್ಲುತ್ತಿತ್ತೇ?

ಆದರೆ ಇದೇ ಇಡೀ ಉತ್ತರ ಎಂದುಕೊಂಡರೆ ನಮ್ಮನ್ನು ನಾವೇ ಮೋಸಗೊಳಿಸಿಕೊಂಡಂತೆ. 1999ರಲ್ಲಿ ಕೊಲೊರಾಡೊ ರಾಜ್ಯದ ಕೊಲಂಬೈನ್ ಶಾಲೆಯಲ್ಲಿ ಸಶಸ್ತ್ರ ಪೊಲೀಸನಿದ್ದ, ಗುಂಡು ಹಾರಿಸಿದ. ಆದರೂ ಆ ದಿನ 12 ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ಸತ್ತರು. 2018ರ ಫೆಬ್ರುವರಿ 14, ವಿಭೂತಿ ಬುಧವಾರ. ಹಣೆಯ ಮೇಲೆ ವಿಭೂತಿಯ ಶಿಲುಬೆ ಧರಿಸಿದ ತಾಯಂದಿರು ಫ್ಲಾರಿಡ ರಾಜ್ಯದ ಪಾರ್ಕ್‌ಲ್ಯಾಂಡ್ ಶಾಲೆಯ ಹೊರಗೆ ಅಳುತ್ತ ನಿಂತರು. ಒಳಗೆ 17 ಮಂದಿ ಹತರಾಗಿದ್ದರು. ಕಾವಲಿಗಿದ್ದ ಸಶಸ್ತ್ರ ಅಧಿಕಾರಿ ಆ ಕಟ್ಟಡದೊಳಕ್ಕೆ ಹೋಗಿರಲಿಲ್ಲ. ಆತ ಅಪರಾಧಿಯಲ್ಲವೆಂದು 2023ರಲ್ಲಿ ತೀರ್ಪಾಯಿತು. ಟೆಕ್ಸಸ್ ರಾಜ್ಯದ ಯುವಾಲ್ಡೆಯಲ್ಲಿ 2022ರ ಮೇ 24ರಂದು ಶಾಲೆಗೆ ಬಂದ ಪೊಲೀಸರು ಮತ್ತು ಅಧಿಕಾರಿಗಳು 376 ಮಂದಿ. ಆದರೂ ತರಗತಿಯೊಳಗೆ ನುಗ್ಗಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಮಡಿದರು.

ಅವರ ಮೇಲೆ ಕಲ್ಲೆಸೆಯಲು ಇದನ್ನು ಹೇಳುತ್ತಿಲ್ಲ. ಗೆತ್ಸೆಮನೆಯಲ್ಲಿ ಓಡಿಹೋದ ಶಿಷ್ಯರ ಸಂತತಿ ನಾವು. ಹೇಳಬೇಕಾದ್ದು ಇಷ್ಟೇ: ಒಬ್ಬ ಮನುಷ್ಯನ ಒಂದು ಕ್ಷಣದ ಧೈರ್ಯದ ಮೇಲೆ ಮಕ್ಕಳ ರಕ್ಷಣೆಯ ಭಾರವನ್ನೆಲ್ಲ ಹೊರಿಸಲಾಗದು. ಇನ್ನೊಂದು ಮಾತು. ಕಾವಲಿನ ಬಲವಿರುವುದು ಭಯದಲ್ಲಿ. ಬದುಕಬೇಕೆನ್ನುವ ಕಳ್ಳ ಬಂದೂಕಿಗೆ ಹೆದರುತ್ತಾನೆ. ಸಾಯಲೆಂದೇ ಹೊರಟವನನ್ನು ಯಾವ ಭಯ ತಡೆದೀತು? ಶಾಲೆಗಳಿಗೆ ನುಗ್ಗುವವರಲ್ಲಿ ಅನೇಕರು ಬದುಕಿನ ಆಸೆಯನ್ನೇ ಕಳೆದುಕೊಂಡವರು. 1980ರಿಂದ 2019ರವರೆಗಿನ 133 ಘಟನೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಶಸ್ತ್ರ ಕಾವಲಿದ್ದ ಶಾಲೆಗಳಲ್ಲಿ ಸಾವು ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು. ಕಾವಲುಗಾರನೇ ಅದಕ್ಕೆ ಕಾರಣ ಎಂದು ಇದರ ಅರ್ಥವಲ್ಲ. ಆದರೆ ಅವನಿದ್ದ ಮಾತ್ರಕ್ಕೆ ನಿಶ್ಚಿಂತೆ ಎನ್ನುವಂತಿಲ್ಲ.

ಹಾಗಾದರೆ ಕಾನೂನು? ಆಯುಧಗಳ ತಯಾರಿಕೆ ಮತ್ತು ಮಾರಾಟವನ್ನು ನಿಯಂತ್ರಿಸುವುದು ಸರ್ಕಾರದ ಹಕ್ಕೂ ಹೌದು, ಕರ್ತವ್ಯವೂ ಹೌದು ಎನ್ನುತ್ತದೆ ನಮ್ಮ ಧರ್ಮೋಪದೇಶ ಗ್ರಂಥ (ಸಂಖ್ಯೆ 2316). ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಬಂದೂಕು ನಿಯಂತ್ರಣವನ್ನು ವರ್ಷಗಳಿಂದ ಬೆಂಬಲಿಸುತ್ತ ಬಂದಿದೆ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 1996ರಲ್ಲಿ 16 ಪುಟ್ಟ ಮಕ್ಕಳು, ಒಬ್ಬ ಶಿಕ್ಷಕಿ ಸತ್ತಾಗ ಬ್ರಿಟನ್ ಮರುವರ್ಷವೇ ಕೈಬಂದೂಕುಗಳನ್ನು ಜನರ ಕೈಯಿಂದ ತೆಗೆಯಿತು. ಅಮೆರಿಕದ ದಾರಿ ಅಷ್ಟು ನೇರವಲ್ಲ. ಅಲ್ಲಿ ಬಂದೂಕು ಇಟ್ಟುಕೊಳ್ಳುವುದು 1791ರಿಂದ ಸಂವಿಧಾನದಲ್ಲಿ ಸೇರಿದ ಹಕ್ಕು. 2018ರ ಒಂದು ಅಂದಾಜಿನಂತೆ ಜನರ ಬಳಿಯಿದ್ದ ಬಂದೂಕುಗಳು 39 ಕೋಟಿಗೂ ಹೆಚ್ಚು, ಜನಸಂಖ್ಯೆಗಿಂತ ಅಧಿಕ! ಕೊಲಂಬೈನ್ ದುರಂತವಾದಾಗ ಯುದ್ಧದ ಮಾದರಿಯ ಹಲವು ಬಂದೂಕುಗಳ ಮೇಲೆ ನಿಷೇಧವಿತ್ತು. ಹುಡುಗರು ಬೇರೆಯವರ ಮೂಲಕ ಆಯುಧ ಪಡೆದರು. ಆದರೂ ಕಾನೂನು ವ್ಯರ್ಥವಲ್ಲ. ಎಲ್ಲ ಕಳ್ಳತನವನ್ನೂ ತಡೆಯದೆಂದು ನಾವು ಮನೆಗೆ ಬೀಗ ಹಾಕುವುದನ್ನು ಬಿಟ್ಟಿದ್ದೇವೆಯೇ? ಪಾರ್ಕ್‌ಲ್ಯಾಂಡ್ ದುರಂತದ ಮರುತಿಂಗಳೇ ಫ್ಲಾರಿಡ ರಾಜ್ಯ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು, ಪ್ರತಿ ಶಾಲೆಗೂ ಕಾವಲು ಕಡ್ಡಾಯ ಮಾಡಿತು. ಎರಡನ್ನೂ ಮಾಡಬಹುದೆಂದು ತೋರಿಸಿತು.

ಪ್ರಿಯರೇ, ಕಾವಲುಗಾರ ನಿಲ್ಲುವುದು ಕಟ್ಟಕಡೆಯ ಬಾಗಿಲಲ್ಲಿ. ಕೊಲೆಗಾರ ಅಲ್ಲಿಗೆ ಬರುವ ಮುನ್ನ ಎಷ್ಟೋ ಬಾಗಿಲುಗಳನ್ನು ದಾಟಿರುತ್ತಾನೆ. ಆ ಬಾಗಿಲುಗಳಲ್ಲಿ ಕಾವಲಿರಬೇಕಾದವರು ಯಾರು? ಅಮೆರಿಕದ ಸೀಕ್ರೆಟ್ ಸರ್ವಿಸ್ ಇಲಾಖೆ 2019ರಲ್ಲಿ ಕೊಟ್ಟ ವರದಿಯಂತೆ, ಶಾಲೆಗಳ ಮೇಲೆ ಬಂದೂಕಿನಿಂದ ದಾಳಿ ಮಾಡಿದವರಲ್ಲಿ ಶೇಕಡಾ 76ರಷ್ಟು ಮಂದಿಗೆ ಅದು ಸಿಕ್ಕಿದ್ದು ತಂದೆತಾಯಿಯ ಅಥವಾ ಹತ್ತಿರದ ಬಂಧುವಿನ ಮನೆಯಲ್ಲಿ. ಅದೇ ಇಲಾಖೆ 2002ರ ವರದಿಯಲ್ಲಿ ಪರಿಶೀಲಿಸಿದ 37 ಘಟನೆಗಳಲ್ಲಿ ಬಹುಪಾಲು ದಾಳಿಗಳ ಸುಳಿವು ಮೊದಲೇ ಒಬ್ಬರಿಗಾದರೂ ಗೊತ್ತಿತ್ತು. ಹೆಚ್ಚಾಗಿ ಗೆಳೆಯರಿಗೆ, ಸಹಪಾಠಿಗಳಿಗೆ. ಬಾಯಿಬಿಟ್ಟವರು ವಿರಳ.

ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಊರಿನಲ್ಲಿ 2021ರಲ್ಲಿ ಒಬ್ಬ ತಂದೆ 15 ವರ್ಷದ ಮಗನಿಗಾಗಿ ಬಂದೂಕು ಕೊಂಡು ತಂದ. ನಾಲ್ಕು ದಿನಗಳ ನಂತರ ಶಾಲೆ ತಂದೆತಾಯಿಯನ್ನು ಕರೆಸಿ, ಹುಡುಗ ಬರೆದಿದ್ದ ಬಂದೂಕು, ರಕ್ತದ ಚಿತ್ರವನ್ನು ತೋರಿಸಿತು. ಅವರು ಅವನನ್ನು ಮನೆಗೆ ಕರೆದೊಯ್ಯಲಿಲ್ಲ. ಅದೇ ದಿನ ಅವನು ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. 2024ರಲ್ಲಿ ತಂದೆತಾಯಿಗೂ ಸೆರೆವಾಸವಾಯಿತು. ಅಂದು ಶಾಲೆಯ ಬಾಗಿಲಿಗಿಂತ ಮೊದಲು ಕಾವಲು ತಪ್ಪಿದ್ದು ಮನೆಯ ಬಾಗಿಲಲ್ಲಿ.

ಕಡೆಯ ಭೋಜನದ ರಾತ್ರಿ ಪ್ರಭು ಕತ್ತಿಯ ಮಾತೆತ್ತಿದ್ದನ್ನು ಕೆಲವರು ಆಯುಧದ ಪರವಾಗಿ ಎತ್ತಿ ಹೇಳುತ್ತಾರೆ (ಲೂಕ 22). ಆದರೆ ಅದೇ ಅಧ್ಯಾಯವನ್ನು ಮುಂದೆ ಓದಿರಿ. ಶಿಷ್ಯ ಕತ್ತಿ ಬೀಸಿ ಸೇವಕನ ಕಿವಿ ಕತ್ತರಿಸಿದಾಗ ಪ್ರಭು ತಡೆದರು. ಆ ಕಿವಿಯನ್ನು ಮುಟ್ಟಿ ವಾಸಿಮಾಡಿದರು. ಶಿಷ್ಯನಿಗೆ ಬೇಕಿದ್ದದ್ದು ಕತ್ತಿ, ಪ್ರಭುವಿಗೆ ಬೇಕಿದ್ದದ್ದು ಕಿವಿ! ಇಂದಿನ ಮಕ್ಕಳಿಗೂ ಬೇಕಾದದ್ದು ಕೇಳುವ ಕಿವಿಗಳೇ.

ಆದ್ದರಿಂದ ನಮ್ಮ ಕುಟುಂಬಗಳು ಮಾಡಬೇಕಾದದ್ದೇನು?

ಮೊದಲನೆಯದು, ಅಮೆರಿಕದಲ್ಲಿರುವ ಮಕ್ಕಳೊಡನೆ ಮಾತನಾಡುವಾಗ ಸಂಬಳ, ಮನೆ, ಕಾರುಗಳ ಜೊತೆಗೆ ಇದನ್ನೂ ಕೇಳಿರಿ: ನಿಮ್ಮ ಮನೆಯಲ್ಲಿ, ಮೊಮ್ಮಕ್ಕಳು ಆಡಲು ಹೋಗುವ ಮನೆಯಲ್ಲಿ ಬಂದೂಕಿದೆಯೇ? ಇದ್ದರೆ ಬೀಗದೊಳಗಿದೆಯೇ? ಸಂಕೋಚಪಡುವ ಪ್ರಶ್ನೆಯಲ್ಲ ಇದು.

ಎರಡನೆಯದು, ಊಟಕ್ಕೆ ಕೂಡಿ ಕುಳಿತುಕೊಳ್ಳಿರಿ. ಮಾತು ನಿಲ್ಲಿಸಿದ ಮಗನನ್ನು, ಕೋಣೆಯ ಕದ ಹಾಕಿಕೊಂಡ ಮಗಳನ್ನು ಅಂಕಪಟ್ಟಿಯ ಬಗ್ಗೆ ಮಾತ್ರ ಪ್ರಶ್ನಿಸಬೇಡಿರಿ.

ಮೂರನೆಯದು, ಗೆಳೆಯನೊಬ್ಬ ತನ್ನನ್ನಾಗಲಿ ಇತರರನ್ನಾಗಲಿ ಕೊಲ್ಲುವ ಮಾತಾಡಿದರೆ ಹಿರಿಯರಿಗೆ ಹೇಳುವುದು ಚಾಡಿಯಲ್ಲ, ಸೋದರಪ್ರೇಮ ಎಂದು ಮಕ್ಕಳಿಗೆ ಕಲಿಸಿರಿ.

ನಾಲ್ಕನೆಯದು, ಪ್ರಾರ್ಥಿಸಿರಿ. ಆದರೆ ಪ್ರಾರ್ಥನೆಯನ್ನು ಕರ್ತವ್ಯದ ಬದಲಿಗೆ ಇಡಬೇಡಿರಿ. ಹಸಿದವನಿಗೆ ಊಟ ಕೊಡದೆ ಒಳ್ಳೆಯ ಮಾತಾಡಿ ಕಳುಹಿಸುವ ವಿಶ್ವಾಸವು ಸತ್ತ ವಿಶ್ವಾಸವೆಂದು ಸಂತ ಯಾಕೋಬರು ಎಚ್ಚರಿಸಿಲ್ಲವೇ?

ಪ್ರಭು ಕಾಯದಿದ್ದರೆ ಊರ ಕಾವಲುಗಾರನ ಎಚ್ಚರ ವ್ಯರ್ಥವೆಂದು ಕೀರ್ತನೆಗಾರ ಹಾಡಿದ (ಕೀರ್ತನೆ 127). ಅವನು ಕಾವಲುಗಾರನನ್ನು ಮನೆಗೆ ಕಳುಹಿಸಲಿಲ್ಲ. ಅವನ ಬೆನ್ನ ಹಿಂದೆ ದೇವರನ್ನು ಕಂಡ. ಆ ದೇವರು ಕಾಯುವುದು ನಮ್ಮ ಕಣ್ಣು, ಕಿವಿ, ಕೈಗಳ ಮೂಲಕವೇ. ಕಾಯಿನನ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟವಾಗಿರಲಿ: ಹೌದು ಪ್ರಭುವೇ, ನನ್ನ ಮಗುವಿಗೂ, ನೆರೆಮನೆಯ ಮಗುವಿಗೂ, ಯಾರೂ ಮಾತನಾಡಿಸದ ಆ ಹುಡುಗನಿಗೂ ನಾನು ಕಾವಲುಗಾರ. ಮಕ್ಕಳನ್ನು ಹತ್ತಿರಕ್ಕೆ ಕರೆದು ಹರಸಿದ ಯೇಸುವೇ, ಈ ಕಾವಲಿನಲ್ಲಿ ನಾವು ನಿದ್ದೆಹೋಗದಂತೆ ಕಾಪಾಡು. ಆಮೆನ್.